ಮೈಸೂರಿನ ಭರತನಾಟ್ಯ ಕ್ಲಾಸುಗಳು: ಸೇರಿಸುವ ಮುಂಚೆ ಹೊಸ ಮಕ್ಕಳ ಕಾಲು ನೋಡಿ

ವಾರ್ಷಿಕೋತ್ಸವದ ದಿನ ಕಲಾಮಂದಿರದ ವೇದಿಕೆಯಲ್ಲಿ ಮುಂದಿನ ಸಾಲಿನಲ್ಲಿ ಕುಣಿಯುವವರು ಆರೇಳು ವರ್ಷ ಕಲಿತ ಮಕ್ಕಳು. ನಿಮ್ಮ ಮಗು ಸೇರುವುದು ಆ ಸಾಲಿಗಲ್ಲ, ಅದೇ ಶಾಲೆಯ ಮೊದಲ ವರ್ಷದ ತರಗತಿಗೆ. ದೊಡ್ಡ ಶಾಲೆಗಳಲ್ಲಿ ಆ ತರಗತಿಗೆ ಪಾಠ ಹೇಳುವವರು ಅನೇಕ ಸಲ ಗುರುಗಳಲ್ಲ, ಅವರ ಹಿರಿಯ ಶಿಷ್ಯರು. ಹಾಗಾಗಿ ಮೊದಲು ಕೇಳಬೇಕಾದದ್ದು ಇಷ್ಟು: "ಹೊಸ ಮಕ್ಕಳ ಕ್ಲಾಸನ್ನು ಒಂದು ಗಂಟೆ ಕೂತು ನೋಡಬಹುದೇ?" ತಂದೆತಾಯಿ ದಿನಾ ಬಂದು ಕೂರಬಾರದು ಎನ್ನುವುದು ನ್ಯಾಯವೇ. ಒಂದು ದಿನವೂ ಕೂರಬಾರದು ಎನ್ನುವ ಕಡೆಗೆ ಮಗುವನ್ನು ಕಳಿಸಬೇಡಿ.

ನೋಡುವಾಗ ಎದುರಿಗೆ ಕೂರದೆ ಪಕ್ಕಕ್ಕೆ ಕೂರಿ. ಅರಮಂಡಿಯ (ಪಾದ ಹೊರಕ್ಕೆ ತಿರುಗಿಸಿ, ಮಂಡಿ ಬಗ್ಗಿಸಿ ಅರ್ಧ ಕೂರುವ ನಿಲುವು) ಅರ್ಧ ತಪ್ಪು ಎದುರಿನಿಂದ ಕಾಣುವುದೇ ಇಲ್ಲ. ಪಕ್ಕದಿಂದ ನೋಡಿದರೆ ಸೊಂಟ ಹಿಂದಕ್ಕೆ ಜಾರಿದೆಯೇ, ಬೆನ್ನು ಬಿಲ್ಲಾಗಿದೆಯೇ, ಮೈ ಮುಂದಕ್ಕೆ ವಾಲಿದೆಯೇ ಎನ್ನುವುದು ತಕ್ಷಣ ಗೊತ್ತಾಗುತ್ತದೆ. ಆಮೇಲೆ ಎದುರಿಗೆ ಬಂದು ಮಂಡಿ ನೋಡಿ. ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಪಾದ ಹೊರಕ್ಕೆ ತಿರುಗಿ ಮಂಡಿ ಒಳಕ್ಕೆ ಬಿದ್ದಿದ್ದರೆ ಆ ತಿರುವು ತೊಡೆಯ ಕೀಲಿನಿಂದ ಬಂದದ್ದಲ್ಲ, ಮಂಡಿಯನ್ನು ತಿರುಚಿ ತಂದದ್ದು. ಎಲ್ಲ ಮಕ್ಕಳ ತೊಡೆಕೀಲೂ ಒಂದೇ ಅಳತೆಗೆ ತೆರೆಯುವುದಿಲ್ಲ, ಎಲುಬಿನ ರಚನೆಯೇ ಬೇರೆ ಬೇರೆ. ಬಲ್ಲ ಶಿಕ್ಷಕರು ಪಾದದ ತಿರುವನ್ನು ಕಡಿಮೆ ಮಾಡಿಸಿ ಮೊದಲು ಮಂಡಿ, ಪಾದ ಎರಡನ್ನೂ ಒಂದೇ ದಿಕ್ಕಿಗೆ ತರುತ್ತಾರೆ. ಅರಮಂಡಿಯ ಆಳ ನಿಧಾನವಾಗಿ, ತೊಡೆಯ ಬಲ ಬಂದಂತೆ ಬರುತ್ತದೆ. ಮಗುವಿನ ತೊಡೆಯನ್ನು ಕೆಳಕ್ಕೆ ಒತ್ತುವುದು, ಹೆಗಲ ಮೇಲೆ ಭಾರ ಹಾಕಿ ಕೂರಿಸುವುದು ಕಂಡರೆ ಅಲ್ಲಿಗೆ ನೋಡಿದ್ದು ಸಾಕು.

ಇದು ಬರೀ ಅಂದದ ಮಾತಲ್ಲ. ಹತ್ತರಿಂದ ಹದಿನಾಲ್ಕರ ಒಳಗೆ ಮಕ್ಕಳು ದಿಢೀರನೆ ಎತ್ತರವಾಗುವಾಗ ಎಲುಬು ಮುಂದೆ, ಸ್ನಾಯು ಹಿಂದೆ. ತೊಡೆಯ ಬಿಗಿಯಾದ ಸ್ನಾಯು ಮಂಡಿಚಿಪ್ಪಿನ ಕೆಳಗಿನ, ಇನ್ನೂ ಗಟ್ಟಿಯಾಗದ ಎಲುಬನ್ನು ಎಳೆಯುತ್ತದೆ. ಕೆಲವರಿಗೆ ಅಲ್ಲಿ ಮುಟ್ಟಿದರೆ ನೋಯುವ ಉಬ್ಬು ಬರುತ್ತದೆ. ಆಗ ಕುದಿತ್ತುಮೆಟ್ಟು, ಮಂಡಿ ಅಡವಿನಂಥ ನೆಗೆದು, ಪೂರ್ತಿ ಕೂತು ಹಾಕುವ ಅಡವುಗಳನ್ನು (ಮೂಲ ಹೆಜ್ಜೆಗಳನ್ನು), ನೆಗೆತಗಳನ್ನು ನಿಲ್ಲಿಸಿ, ಹಸ್ತ (ಕೈಮುದ್ರೆ), ತಾಳ, ಅಭಿನಯದ ಪಾಠ ಮುಂದುವರಿಸುವ ಶಿಕ್ಷಕರು ಬೇಕು. "ಮಂಡಿ ನೋವು ಅಂದರೆ ಏನು ಮಾಡಿಸ್ತೀರಿ?" ಎಂದು ನೇರವಾಗಿ ಕೇಳಿ. "ಎಣ್ಣೆ ಹಚ್ಚಿ, ಸರಿಹೋಗುತ್ತೆ" ಎನ್ನುವುದು ಉತ್ತರವಲ್ಲ.

ಮುಂದೆ ಕಿವಿಗೆ ಕೆಲಸ ಕೊಡಿ. ಮೊದಲ ಅಡವಾದ ತಟ್ಟಡವಿನಲ್ಲಿ ಪಾದ ಹಿಂದಕ್ಕೆ ಎತ್ತಿ ಇಡೀ ಅಂಗಾಲು ಒಟ್ಟಿಗೆ ನೆಲಕ್ಕೆ ಬೀಳಬೇಕು, ಸದ್ದು ಒಂದೇ ಬರಬೇಕು. 'ಟಪ್' ಬದಲು 'ಟ-ಪ್' ಎಂದು ಎರಡಾಗಿ ಕೇಳಿದರೆ ಹಿಮ್ಮಡಿಯೋ ಬೆರಳೋ ಮುಂಚೆ ಬೀಳುತ್ತಿದೆ. ಹಿಮ್ಮಡಿ ಮುಂಚೆ ಬಿದ್ದರೆ ಪೆಟ್ಟು ನೇರ ಮೊಣಕಾಲಿನ ಎಲುಬಿಗೆ, ಬೆರಳು ಮುಂಚೆ ಬಿದ್ದರೆ ಮೀನಖಂಡ ಬಿಗಿಯುತ್ತದೆ. ಮೂರನೇ ಕಾಲಕ್ಕೆ, ಅಂದರೆ ಎಲ್ಲಕ್ಕಿಂತ ಚುರುಕಾದ ವೇಗಕ್ಕೆ, ಹೋದಾಗ ಮಕ್ಕಳು ಅರಮಂಡಿಯಿಂದ ಮೇಲೇಳುವುದು ಸಹಜ. ಶಿಕ್ಷಕರು ಅದನ್ನು ಕಂಡು ಎರಡನೇ ಕಾಲಕ್ಕೆ ಇಳಿಸುತ್ತಾರೋ, ಹಾಗೇ ಓಡಿಸುತ್ತಾರೋ ಗಮನಿಸಿ. ಇಡೀ ಭೇಟಿಯಲ್ಲಿ ಇಷ್ಟು ಸ್ಪಷ್ಟವಾಗಿ ಶಾಲೆಯ ಗುಣ ತೋರಿಸುವ ಕ್ಷಣ ಇನ್ನೊಂದಿಲ್ಲ. ತಾಳ ತಟ್ಟಲು ತಟ್ಟುಮಣೆ, ತಟ್ಟುಕೋಲು ಹಿಡಿದು ಸೊಲ್ಲುಕಟ್ಟನ್ನು (ಅಡವಿನ ಲಯದ ನುಡಿಗಳನ್ನು) ಬಾಯಲ್ಲೇ ಹೇಳುವವರಿಗೆ ಮಗುವಿನ ಕಾಲಿಗೆ ತಕ್ಕಂತೆ ವೇಗ ಇಳಿಸುವುದು ಸುಲಭ. ಮೊಬೈಲಿನಲ್ಲಿ ಅಡವಿನ ಆಡಿಯೋ ಹಾಕಿ ಬ್ಲೂಟೂತ್ ಸ್ಪೀಕರಿಗೆ ಬಿಟ್ಟರೆ ಅದು ಯಾರಿಗೂ ಕಾಯುವುದಿಲ್ಲ. ಮನೆ ಅಭ್ಯಾಸಕ್ಕೆ ರೆಕಾರ್ಡಿಂಗ್ ಕೊಡುವುದು ಒಳ್ಳೆಯದು, ಹೊಸಬರ ತರಗತಿಯೇ ಅದರ ಮೇಲೆ ನಡೆಯುವುದು ಒಳ್ಳೆಯದಲ್ಲ.

ನೆಲದ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಲೇಬೇಕು. ಹಳೆ ಮನೆಯ ಕೆಂಪು ಗಾರೆ ನೆಲ, ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಎಲ್ಲವೂ ಗಟ್ಟಿ ತಳದ ಮೇಲಿನವು, ಪೆಟ್ಟನ್ನು ಹೀರುವುದಿಲ್ಲ. ಪಾಲಿಶ್ ಕಲ್ಲು ಬೆವರು ಬಿದ್ದರೆ ಜಾರುತ್ತದೆ ಕೂಡ. ಅಡಿಗೆ ತೊಲೆಪಟ್ಟಿ ಕೊಟ್ಟು ಹಾಸಿದ ಮರದ ನೆಲ ಎಲ್ಲಕ್ಕಿಂತ ಉತ್ತಮ, ಕಾಲಲ್ಲಿ ತಟ್ಟಿದರೆ ಟೊಳ್ಳು ಸದ್ದು ಕೇಳುತ್ತದೆ. ಕಾಂಕ್ರೀಟಿಗೆ ಅಂಟಿಸಿದ ಲ್ಯಾಮಿನೇಟ್ ಮರದಂತೆ ಕಾಣುತ್ತದೆಯೇ ಹೊರತು ಮರದಂತೆ ಬಗ್ಗುವುದಿಲ್ಲ. ಮೈಸೂರಿನಲ್ಲಿ ಮರದ ನೆಲದ ಕ್ಲಾಸು ಸಿಗುವುದು ಕಷ್ಟ, ಆ ಒಂದೇ ಕಾರಣಕ್ಕೆ ಒಳ್ಳೆಯ ಗುರುವನ್ನು ಬಿಡಬೇಕಿಲ್ಲ. ಆದರೆ ಗಟ್ಟಿ ನೆಲವಿದ್ದರೆ ಮೊದಲ 10 ನಿಮಿಷ ಮೈ ಬಿಸಿ ಮಾಡಿಸುವುದು, ನೆಗೆಯುವ ಅಡವನ್ನು ಒಂದೇ ಸಮನೆ ಮಾಡಿಸದೆ ನಡುವೆ ಹಸ್ತಪಾಠ ಇಡುವುದು ಕಡ್ಡಾಯ. ಜಮಖಾನ, ಯೋಗದ ಚಾಪೆ ಹಾಸಿ ಅಡವು ಹಾಕಿಸುವುದು ಬೇಡ: ಒಂದು ಸರಿದುಹೋಗುತ್ತದೆ, ಇನ್ನೊಂದರಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ.

ಜಾಗದ ಲೆಕ್ಕ ಸರಳ. ಕೈ ಚಾಚಿ ಒಂದು ಹೆಜ್ಜೆ ಸರಿಯಲು ಒಂದು ಮಗುವಿಗೆ ಸುಮಾರು 6 ಅಡಿಗೆ 6 ಅಡಿ ಬೇಕು, ಅಂದರೆ 36 ಚದರಡಿ. 20 ಅಡಿಗೆ 15 ಅಡಿಯ ಹಾಲ್‌ನಲ್ಲಿ ಎಂಟು ಮಕ್ಕಳು. ಅಲ್ಲೇ ಇಪ್ಪತ್ತು ಮಕ್ಕಳನ್ನು ನಿಲ್ಲಿಸಿದರೆ ನಾಟ್ಯಾರಂಭದ (ಎರಡೂ ಕೈ ಹೆಗಲ ಮಟ್ಟಕ್ಕೆ ಚಾಚಿ ನಿಲ್ಲುವ ಭಂಗಿ) ಮೊಣಕೈ ಎಲ್ಲರದ್ದೂ ಇಳಿಯುತ್ತದೆ. ಅದು ಸೋಮಾರಿತನವಲ್ಲ, ಪಕ್ಕದವರಿಗೆ ತಾಗದಿರಲು ಮಕ್ಕಳೇ ಕಂಡುಕೊಂಡ ದಾರಿ. ಹೀಗೆ ಅಂಟಿದ ಅಭ್ಯಾಸ ಆಮೇಲೆ ಬಿಡಿಸಲು ವರ್ಷ ಹಿಡಿಯುತ್ತದೆ.

ಮೈಸೂರಿನಲ್ಲಿ ಸಿಗುವ ಕ್ಲಾಸುಗಳಲ್ಲಿ ನಮ್ಮ ಮೊದಲ ಆಯ್ಕೆ ಕುವೆಂಪುನಗರ, ಸರಸ್ವತಿಪುರಂ, ಜಯಲಕ್ಷ್ಮೀಪುರಂನಂಥ ಬಡಾವಣೆಗಳಲ್ಲಿ ಮನೆಯ ಮಹಡಿಯಲ್ಲಿ ಗುರುಗಳೇ ಹೇಳುವ ಪಾಠ: ವಾರಕ್ಕೆ ಎರಡು ದಿನ, ಒಂದೊಂದು ಗಂಟೆ, ಎಂಟು ಹತ್ತು ಮಕ್ಕಳು. ದೌರ್ಬಲ್ಯವೂ ಇದೆ. ಗುರುಗಳಿಗೆ ಕಾರ್ಯಕ್ರಮವಿದ್ದರೆ ಪಾಠ ತಪ್ಪುತ್ತದೆ, ಬದಲಿ ದಿನ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಅನೇಕ ಶಾಖೆಗಳ ದೊಡ್ಡ ಶಾಲೆಗಳಲ್ಲಿ ಪಠ್ಯ, ಪರೀಕ್ಷೆ, ವೇದಿಕೆ ಎಲ್ಲ ಅಚ್ಚುಕಟ್ಟು, ಆದರೆ ನಿಮ್ಮ ಶಾಖೆಯ ಶಿಕ್ಷಕರು ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ವರ್ಷಕ್ಕೆ ಮೂರು ಜನ ಬದಲಾದರೆ ನಾಟಡವಿನ (ಕಾಲು ಚಾಚಿ ಹಾಕುವ ಅಡವು) ಕೈ ಮೂರು ರೀತಿ ಆಗುತ್ತದೆ. ಶಾಲೆಯಲ್ಲೇ ಸಂಜೆ ನಡೆಯುವ ಡ್ಯಾನ್ಸ್ ಕ್ಲಾಸ್ ಐದು ವರ್ಷದ ಮಗುವಿಗೆ ರುಚಿ ಹತ್ತಿಸಲು ಸಾಕು, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಅಲ್ಲಿ ಸ್ಕೂಲ್ ಡೇಗೆ ಮೂರು ತಿಂಗಳಲ್ಲಿ ಒಂದು ಹಾಡು ತಯಾರಾಗಬೇಕು, ಅಡವಿಗೆ ಸಮಯವೇ ಇರುವುದಿಲ್ಲ.

ಮಂಡ್ಯದವರು ಭಾನುವಾರ ಮಾತ್ರ ಮೈಸೂರಿಗೆ ಕರೆತರುವ ಯೋಚನೆ ಮಾಡುತ್ತಾರೆ. ಮೊದಲ ಎರಡು ಮೂರು ವರ್ಷ ಹಾಗೆ ಮಾಡಬೇಡಿ. ವಾರಕ್ಕೊಮ್ಮೆ ತಿದ್ದಿಸಿಕೊಂಡ ಮಗು ಉಳಿದ ಆರು ದಿನ ತಪ್ಪನ್ನೇ ಅಭ್ಯಾಸ ಮಾಡುತ್ತದೆ. ಮಂಡ್ಯದಲ್ಲೇ ವಾರಕ್ಕೆರಡು ದಿನ ಕಾಲು ತಿದ್ದುವ ಸಾಧಾರಣ ಹೆಸರಿನ ಶಿಕ್ಷಕರು ಮೇಲು. ವರ್ಣ (ಕಾರ್ಯಕ್ರಮದ ದೀರ್ಘ, ಮುಖ್ಯ ನೃತ್ಯ) ಕಲಿಯುವ ಹಂತಕ್ಕೆ ಬಂದ ಮೇಲೆ ರೈಲು ಹತ್ತಿ.

ಬೋರ್ಡಿನ ಮೇಲೆ 'ಮೈಸೂರು ಶೈಲಿ' ಎಂದಿದ್ದರೆ ಖುಷಿಪಡಿ, ಜೊತೆಗೆ ವಿಚಾರಿಸಿ. ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1906–2002), ತಿ. ನರಸೀಪುರ ತಾಲ್ಲೂಕಿನ ಮೂಗೂರಿನ ಜೇಜಮ್ಮ ಇವರಿಂದ ಬಂದ ಈ ಪರಂಪರೆಯ ಜೀವಾಳ ಅಭಿನಯ: ಪದ, ಜಾವಳಿ ಎಂಬ ಶೃಂಗಾರದ ಹಾಡುಗಳು, ಶ್ಲೋಕ. ಜಾವಳಿಯ ಶೃಂಗಾರ ಎಂಟು ವರ್ಷದ ಮಗುವಿಗೆ ಹೇಳಿಕೊಡುವಂಥದ್ದಲ್ಲ. ಮಕ್ಕಳಿಗೆ ಅಭಿನಯ ಶುರುವಾಗಬೇಕಾದದ್ದು ಅರ್ಥವಾಗುವ ಕನ್ನಡ ದೇವರನಾಮದಿಂದ, ಸಾಲು ಸಾಲಿನ ಅರ್ಥ ಬಿಡಿಸಿ. ಕ್ಲಾಸಿನ ಮಗುವೊಂದನ್ನು "ಈ ಸಾಲಿಗೆ ಏನರ್ಥ ಪುಟ್ಟ?" ಎಂದು ಕೇಳಿದರೆ ಸತ್ಯ ಗೊತ್ತಾಗುತ್ತದೆ. ಪಂದನಲ್ಲೂರು, ವಳುವೂರು ಬಾನಿಯ (ತಮಿಳುನಾಡಿನ ಗುರುಪರಂಪರೆಯ ಶೈಲಿ) ಗುರುಗಳಾದರೂ ತೊಂದರೆಯೇನಿಲ್ಲ. ನಡುವೆ ಬಾನಿ ಬದಲಿಸುವುದೇ ತೊಂದರೆ, ಕೈ ಕಾಲು ಎರಡನ್ನೂ ಮರೆತು ಕಲಿಯಬೇಕು.

ಪರೀಕ್ಷೆಗಳು ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಎಂದು ಸಾಗುತ್ತವೆ. ಮೊದಲು ಶಾಲಾ ಪರೀಕ್ಷಾ ಮಂಡಳಿಯ ಕೈಯಲ್ಲಿದ್ದವು, ಈಗ ಮೈಸೂರಿನಲ್ಲೇ ಇರುವ ಡಾ. ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯಕ್ಕೆ ಬಂದಿವೆ. ಒಳ್ಳೆಯ ಶಾಲೆ ಪರೀಕ್ಷೆಗೆ ಕಟ್ಟಿಸುತ್ತದೆ, ಆದರೆ ಅದಕ್ಕಾಗಿಯೇ ಪಾಠ ನಡೆಸುವುದಿಲ್ಲ. 28 ಅಸಂಯುತ ಹಸ್ತಗಳ (ಒಂದೇ ಕೈಯ ಮುದ್ರೆಗಳ) ಶ್ಲೋಕ ಗಿಣಿಪಾಠವಾಗಿ ಬರುತ್ತದೆ, ಅವುಗಳಲ್ಲಿ ಮೊದಲನೆಯದಾದ ಪತಾಕ ಹಿಡಿದರೆ ಹೆಬ್ಬೆರಳು ಸಡಿಲ: ಇದು ಪರೀಕ್ಷೆಗೆ ಓಡಿದ ಗುರುತು.

ದುಡ್ಡಿನ ವಿಷಯವನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಸೇರ್ಪಡೆ ಶುಲ್ಕ, ತಿಂಗಳ ಫೀಸು, ರಜೆಯ ತಿಂಗಳಿಗೂ ಕೊಡಬೇಕೆ, ವಾರ್ಷಿಕೋತ್ಸವದ ವಂತಿಗೆ, ಉಡುಪಿನ ಬಾಡಿಗೆ, ಮೇಕಪ್, ಪರೀಕ್ಷಾ ಶುಲ್ಕ. ಎರಡು ಶಾಲೆಗಳನ್ನು ಹೋಲಿಸಬೇಕಾದದ್ದು ಇವೆಲ್ಲ ಸೇರಿದ ವರ್ಷದ ಮೊತ್ತದಲ್ಲಿ. ಮೊದಲ ವರ್ಷ ಹತ್ತಿಯ ಸಲ್ವಾರ್, ಎದೆಗೂ ಸೊಂಟಕ್ಕೂ ಬಿಗಿದ ದುಪಟ್ಟಾ ಸಾಕು. ಗೆಜ್ಜೆ, ರೇಷ್ಮೆ ಉಡುಪು ತನ್ನಿ ಎಂದು ಆಗಲೇ ಹೇಳಿದರೆ ಪ್ರದರ್ಶನದ ಆತುರವಿದೆ ಎಂದೇ ಅರ್ಥ. ಮಕ್ಕಳ ವಿಡಿಯೋವನ್ನು ಕೇಳದೆ ಇನ್‌ಸ್ಟಾಗ್ರಾಮಿಗೆ ಹಾಕುತ್ತಾರೆಯೇ, ತಿದ್ದಲು ಮುಟ್ಟುವಾಗ ಬಾಗಿಲು ತೆರೆದಿರುತ್ತದೆಯೇ, ಪಾಠ ಮುಗಿದ ಮೇಲೆ ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ ಎನ್ನುವುದನ್ನೂ ಸಂಕೋಚಪಡದೆ ಕೇಳಿ.

ವಿಜಯದಶಮಿಗೆ ಸೇರಿಸುವ ಪದ್ಧತಿ ಚೆನ್ನ, ಆದರೆ ತರಗತಿ ನೋಡಲು ದಸರೆಗೆ ಮುಂಚಿನ ಒಂದು ತಿಂಗಳು ಸರಿಯಲ್ಲ. ಗುರುಗಳು ತಂಡದ ತಾಲೀಮಿನಲ್ಲಿರುತ್ತಾರೆ, ಹೊಸಬರ ಪಾಠ ಹಿಂದೆ ಬೀಳುತ್ತದೆ. ಜೂನ್, ಜುಲೈನಲ್ಲಿ ನೋಡಿ ಗೊತ್ತುಮಾಡಿಕೊಳ್ಳಿ. ವಯಸ್ಸು ಆರು, ಏಳು ಆಗಿದ್ದರೆ ಸಾಕು, ಒಂದು ವರ್ಷ ತಡವಾದರೂ ನಷ್ಟವಿಲ್ಲ.

ಸೇರಿಸಿ ಮೂರು ತಿಂಗಳಾದ ಮೇಲೆ ಮನೆಯಲ್ಲಿ ಮಗುವನ್ನು ಕೂರಿಸಿ, ಕೈಯಲ್ಲಿ ಆದಿತಾಳ ಹಾಕುತ್ತಾ ತಟ್ಟಡವಿನ ಸೊಲ್ಲು "ತೈಯಾ ತೈ" ಮೂರು ಕಾಲದಲ್ಲಿ ಹೇಳು ಎನ್ನಿ. ತಾಳದ ಎಂಟು ಎಣಿಕೆ ಒಂದೇ ನಡೆಯಲ್ಲಿದ್ದು ಬಾಯಿ ಮಾತ್ರ ಇಮ್ಮಡಿಯಾದರೆ ಪಾಠ ಸರಿಯಾಗಿ ನಡೆಯುತ್ತಿದೆ. ಬಾಯಿಯ ಜೊತೆ ಕೈಯೂ ಓಡಿದರೆ ಗುರುಗಳನ್ನು ಕಂಡು ತಾಳದ ಪಾಠಕ್ಕೆ ವಾರಕ್ಕೆ ಎಷ್ಟು ಹೊತ್ತು ಕೊಡುತ್ತಿದ್ದೀರಿ ಎಂದು ಕೇಳಿ.