‘100–240’ ಚಾರ್ಜರ್, ‘120’ ಡ್ರೈಯರ್: ಬೇರೆ ದೇಶಕ್ಕೆ ಯಾವುದು ಸರಿ?

ಚಾರ್ಜರ್ ತಿರುಗಿಸಿ ನೋಡಿ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಅಂತಿದ್ದರೆ ಚಿಂತೆ ಬೇಡ. ಜಪಾನಿನ 100 ವೋಲ್ಟಿಗೂ ಸೈ, ಯುರೋಪಿನ 230ಕ್ಕೂ ಸೈ. ಪಿನ್ ಹೊಂದಿಸುವ ಅಡಾಪ್ಟರ್ ಸಾಕು. (ಪಕ್ಕದ ‘ಔಟ್‌ಪುಟ್ 5 ವೋಲ್ಟ್’ ಫೋನಿಗೆ ಹೋಗುವ ಲೆಕ್ಕ, ಗೋಡೆಯದ್ದಲ್ಲ.)

ಬರೀ ‘120 ವೋಲ್ಟ್’ ಅಂತಿದ್ದರೆ ಕಥೆ ಬೇರೆ. 1200 ವ್ಯಾಟಿನ ಅಂಥ ಹೇರ್ ಡ್ರೈಯರನ್ನು 240ಕ್ಕೆ ಚುಚ್ಚಿದಿರಿ ಅನ್ನಿ. ವೋಲ್ಟೇಜ್ ಎರಡು ಪಟ್ಟು, ಕರೆಂಟೂ ಹೆಚ್ಚುಕಮ್ಮಿ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. 4800 ವ್ಯಾಟ್! ಕಾಯಿಲ್ ಕತೆ ಮುಗೀತು, ಬೆಂಕಿಯೂ ಹತ್ತಬಹುದು. ಅಡಾಪ್ಟರ್ ಪಿನ್ ಆಕಾರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಉಲ್ಟಾ ಆದರೆ, 240ರ ಕೆಟಲ್‌ಗೆ 120ರಲ್ಲಿ ಕಾಲು ಭಾಗ ಶಕ್ತಿ. ನೀರು ಕಾಯುವುದಕ್ಕಿಂತ ನಾವು ಕಾಯುವುದೇ ಜಾಸ್ತಿ.

‘120/240’ ಅಂತ ಓರೆಗೆರೆ ಇದ್ದರೆ ಪಕ್ಕದಲ್ಲಿ ಸ್ವಿಚ್ ಇದೆಯಾ ಹುಡುಕಿ. ಪ್ಲಗ್ ಹಾಕುವ ಮುಂಚೆಯೇ ಅದನ್ನು ಆ ಊರಿನ ವೋಲ್ಟೇಜಿಗೆ ತಿರುಗಿಸಬೇಕು.

ನನ್ನ ಕೇಳಿದರೆ, ಓಡಾಡುವವರು ಚಾರ್ಜರ್, ಲ್ಯಾಪ್‌ಟಾಪ್ 100–240ರದ್ದೇ ಕೊಳ್ಳಿ. ಡ್ರೈಯರ್‌ಗೆ ಬೇಕಾಗುವ, ವೋಲ್ಟೇಜನ್ನೇ ಬದಲಿಸುವ ಟ್ರಾನ್ಸ್‌ಫಾರ್ಮರ್ ಹೊರುವುದಕ್ಕಿಂತ ಹೋದ ಕಡೆಯೇ ಒಂದು ಡ್ರೈಯರ್ ಕೊಳ್ಳುವುದು ವಾಸಿ ಅಲ್ವಾ?