ಟೇಪೋ, ಮ್ಯಾಸ್ಟಿಕ್ಕೋ, ಸ್ಪ್ರೇಯೋ: ಫ್ಲೋರಿಡಾ ಕಡಲಂಚಿನ ಮನೆಯಲ್ಲಿ ಎಸಿ ಡಕ್ಟ್ ರಿಪೇರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮ್ಯಾಸ್ಟಿಕ್ಕಿಗೆ, ಅಂದರೆ ಎಸಿ ಗಾಳಿಯ ಕೊಳವೆ (ಡಕ್ಟ್) ಸೋರುವಲ್ಲಿ ಬಳಿಯುವ ಲೇಪಕ್ಕೆ. ಕೈ ಕೊಳೆಯಾಗುತ್ತದೆ, ಹಾಕಿಕೊಂಡ ಅಂಗಿಯ ಆಸೆ ಬಿಡಬೇಕು, ಒಣಗುವಷ್ಟರಲ್ಲಿ ತಾಳ್ಮೆಯೂ ಮುಗಿಯುತ್ತದೆ. ಆದರೂ ಅದಕ್ಕೇ. ಫಾಯಿಲ್ ಟೇಪಿಗೆ ದುಡ್ಡು ಕೊಟ್ಟು ನೋಡಿಯಾಗಿದೆ. ಜಾಕ್ಸನ್‌ವಿಲ್‌ನಲ್ಲಿರುವ ಭಾವ ಏರೋಸಾಲ್ ಸೀಲಿಂಗ್ (ಡಕ್ಟಿನೊಳಗೆ ಅಂಟು ಊದಿ ತೂತು ಮುಚ್ಚುವ ಸ್ಪ್ರೇ) ಮಾಡಿಸಿದಾಗ ಪಕ್ಕದಲ್ಲೇ ನಿಂತು ನೋಡಿಯೂ ಆಗಿದೆ. ಮೂರರ ಫಲವೂ ಈಗ ಕಣ್ಣೆದುರಿಗಿದೆ.

ನಮ್ಮದು ಸೇಂಟ್ ಪೀಟರ್ಸ್‌ಬರ್ಗ್ ಕಡೆಯ ಒಂದಂತಸ್ತಿನ ಕಾಂಕ್ರೀಟ್ ಬ್ಲಾಕ್ ಮನೆ. ಒಂದು ಪಕ್ಕ ಟ್ಯಾಂಪಾ ಕೊಲ್ಲಿ, ಇನ್ನೊಂದು ಪಕ್ಕ ಮೆಕ್ಸಿಕೋ ಕೊಲ್ಲಿ, ಎತ್ತ ಹೋದರೂ ಉಪ್ಪುನೀರು. ಗಾಳಿಯನ್ನು ತಂಪು ಮಾಡಿ ಊದುವ ಏರ್ ಹ್ಯಾಂಡ್ಲರ್ ಗರಾಜಿನಲ್ಲಿದೆ, ತಂಪುಗಾಳಿ ಒಯ್ಯುವ ಸಪ್ಲೈ ಡಕ್ಟುಗಳೆಲ್ಲ ಆಟಿಕ್‌ನಲ್ಲಿ. ಊರಿನಲ್ಲಿ ಗೋಡೆಗೊಂದು ಸ್ಪ್ಲಿಟ್ ಎಸಿ ಸಿಕ್ಕಿಸಿದರೆ ಮುಗಿಯಿತು, ಡಕ್ಟಿನ ಗೊಡವೆಯೇ ಇಲ್ಲ. ಇಲ್ಲಿ ಮನೆಯಿಡೀ ತಂಪುಗಾಳಿ ಸಾಗುವುದು ಬೇಸಿಗೆಯಲ್ಲಿ 50 ಡಿಗ್ರಿ ಸೆಲ್ಸಿಯಸ್ ದಾಟುವ ಆ ಅಟ್ಟದೊಳಗಿನ ಕೊಳವೆಗಳ ಮೂಲಕ. ಅದರಲ್ಲಿ ತೂತಿದ್ದರೆ ನಾವು ದುಡ್ಡು ಕೊಟ್ಟು ಅಟ್ಟವನ್ನು ತಂಪು ಮಾಡುತ್ತಿದ್ದೇವೆ ಎಂದೇ ಲೆಕ್ಕ. ಸಾಮಾನ್ಯ ಮನೆಗಳಲ್ಲಿ ಡಕ್ಟಿನ ಗಾಳಿಯ 20ರಿಂದ 30 ಶೇಕಡಾ ಹೀಗೆ ಸೋರಿ ಹೋಗುತ್ತದೆ ಎಂದು ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಯೋಜನೆಯವರೇ ಹೇಳುತ್ತಾರೆ.

ಆದರೆ ಕರೆಂಟ್ ಬಿಲ್ಲು ನೋಡಿ ನಾನು ಏಣಿ ಹತ್ತಿದ್ದಲ್ಲ. ಊರಿನಿಂದ ಬಂದಿದ್ದ ಅಮ್ಮ, "ಎಸಿ ಹಾಕಿದ ಮನೆಯಲ್ಲಿ ಒಣಗದ ಬಟ್ಟೆಯ ವಾಸನೆ ಯಾಕೋ ಬರ್ತದೆ?" ಎಂದರು. ಥರ್ಮೋಸ್ಟ್ಯಾಟ್ 24 ತೋರಿಸುತ್ತಿತ್ತು, ಮೈ ಮಾತ್ರ ಜಿಗಿಜಿಗಿ. ತಂಪುಗಾಳಿ ಬರುವ ಚಾವಣಿಯ ಗ್ರಿಲ್ ಸುತ್ತ ಕಪ್ಪು ಚುಕ್ಕೆಗಳು ಎದ್ದಿದ್ದವು.

ಕರಾವಳಿಯ ಲೆಕ್ಕವೇ ಬೇರೆ. ಅರಿಜೋನಾದಂಥ ಒಣಸೀಮೆಯಲ್ಲಿ ಡಕ್ಟ್ ಸೋರಿದರೆ ಬರೀ ದುಡ್ಡು ಸೋರುತ್ತದೆ. ಇಲ್ಲಿ ಅದರ ಜೊತೆಗೆ ನೀರು ಒಳಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) 24 ಡಿಗ್ರಿಯ ಆಸುಪಾಸು, ಎಸಿಯಿಂದ ಹೊರಡುವ ಗಾಳಿ 13 ಡಿಗ್ರಿಯ ಆಸುಪಾಸು. ಹೊರಗಿನ ಗಾಳಿ ಆ ತಣ್ಣನೆಯ ತಗಡಿಗೆ ತಾಗಿದಲ್ಲೆಲ್ಲ ಬೆವರು. ಇನ್ನೊಂದು ಕಾಟ ಕಣ್ಣಿಗೆ ಕಾಣುವುದಿಲ್ಲ. ಸಪ್ಲೈ ಡಕ್ಟು ಆಟಿಕ್‌ನಲ್ಲಿ ಸೋರಿದಷ್ಟೂ ಮನೆಯೊಳಗೆ ಒತ್ತಡ ಇಳಿಯುತ್ತದೆ, ಆ ಕೊರತೆ ತುಂಬಲು ಬಾಗಿಲು ಕಿಟಕಿಗಳ ಸಂದಿಯಿಂದ ಹೊರಗಿನ ಹಸಿಗಾಳಿ ಒಳನುಗ್ಗುತ್ತದೆ. ಅಮ್ಮನ ಮೂಗಿಗೆ ಬಡಿದದ್ದು ಅದು. ಹಾಗಾಗಿ ಯಾವ ವಿಧಾನದಲ್ಲಿ ಎಷ್ಟು ಗಾಳಿ ಉಳಿಯುತ್ತದೆ ಎನ್ನುವುದಕ್ಕಿಂತ, ಬೆವರುವ ಜಾಗದಲ್ಲಿ ಯಾವುದು ಹಿಡಿದು ನಿಲ್ಲುತ್ತದೆ ಎಂದು ನೋಡುವುದೇ ನನಗೆ ಮುಖ್ಯವಾಯಿತು.

ಬಟ್ಟೆಯ ಡಕ್ಟ್ ಟೇಪು: ಬೇಡ. ಹೆಸರಿನಲ್ಲಿ ಡಕ್ಟ್ ಇದೆ ಎಂದು ನಂಬಬೇಡಿ. ಹಿಂದಿನ ಮಾಲೀಕರು ಸುತ್ತಿದ್ದು ಅಟ್ಟದಲ್ಲಿ ಸುಲಿದ ಸಿಪ್ಪೆಯಾಗಿ ನೇತಾಡುತ್ತಿತ್ತು. 1998ರಲ್ಲಿ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಮ್ಯಾಕ್ಸ್ ಶರ್ಮನ್ ಮತ್ತು ಇಯಾನ್ ವಾಕರ್ ಬಗೆಬಗೆಯ ಸೀಲಂಟುಗಳನ್ನು ಬಿಸಿಗೊಡ್ಡಿ ಪರೀಕ್ಷಿಸಿದಾಗ ಸೋತು ಬಿಟ್ಟುಬಂದದ್ದು ಇದೇ ಟೇಪು.

ಫಾಯಿಲ್ ಟೇಪಿನ ವಿಷಯಕ್ಕೆ ಬಂದರೆ, ನಾನು ಮೊದಲು ಕರೆಸಿದ ಗುತ್ತಿಗೆದಾರರು ಕೀಲುಗಳಿಗೆಲ್ಲ ಫಳಫಳ ಹೊಳೆಯುವ ಟೇಪು ಸುತ್ತಿ, ಫೋಟೋ ತೋರಿಸಿ, 400 ಡಾಲರ್ ಚಿಲ್ಲರೆ ಬಿಲ್ಲು ಮಾಡಿ ಹೋದರು. ಕೆಲಸ ನೋಡಲು ಅಂದವಾಗಿಯೇ ಇತ್ತು. ಮುಂದಿನ ಮಳೆಗಾಲದಲ್ಲಿ ಪ್ಲೀನಮ್ಮಿನ (ಏರ್ ಹ್ಯಾಂಡ್ಲರಿಗೆ ತಾಗಿಕೊಂಡ ದೊಡ್ಡ ಗಾಳಿಪೆಟ್ಟಿಗೆ) ಮೂಲೆಯಲ್ಲಿ ಟೇಪು ತುಟಿ ಬಿಚ್ಚಿತ್ತು. ಅದರ ಮೇಲೆ ಡಕ್ಟ್ ಸಾಮಗ್ರಿಯ ಗುಣಮಟ್ಟ ಸೂಚಿಸುವ ಯುಎಲ್ 181 ಮುದ್ರೆಯೇನೋ ಇತ್ತು, ಮಾಲು ಕಳಪೆಯದಲ್ಲ. ಈ ಅಂಟಿಗೆ ಒಣಗಿದ, ಧೂಳಿಲ್ಲದ, ಜಿಡ್ಡಿಲ್ಲದ ಮೇಲ್ಮೈ ಬೇಕು. ಆಗಸ್ಟಿನಲ್ಲಿ ಎಸಿ ಓಡುತ್ತಿರುವಾಗಲೇ ಬೆವರುತ್ತಿರುವ ತಗಡನ್ನು ಚಿಂದಿಯಿಂದ ಒಮ್ಮೆ ಒರೆಸಿ ಟೇಪು ಒತ್ತಿದರೆ, ಅಂಟುವುದು ಲೋಹಕ್ಕಲ್ಲ, ನೀರಿನ ಪೊರೆಗೆ.

ಟೇಪು ಬೇಕೇ ಬೇಕೆಂದರೆ ಬ್ಯುಟೈಲ್ ಅಂಟಿನ ದಪ್ಪ ಫಾಯಿಲ್ ಟೇಪು ತೆಗೆದುಕೊಳ್ಳಿ. ಬೆಲೆ ಜಾಸ್ತಿ, ಹಿಡಿತವೂ ಜಾಸ್ತಿ. ಏರ್ ಹ್ಯಾಂಡ್ಲರಿನ ಬಾಗಿಲಿನಂಥ, ಸರ್ವಿಸಿಗೆ ಮತ್ತೆ ಬಿಚ್ಚಬೇಕಾದ ಜಾಗಕ್ಕೆ ಟೇಪೇ ಸರಿ. ಅಲ್ಲಿ ಮ್ಯಾಸ್ಟಿಕ್ ಬಳಿದರೆ ಸರ್ವಿಸಿಗೆ ಬಂದವನ ಬೈಗುಳ ಖಂಡಿತ.

ಇನ್ನು ಮ್ಯಾಸ್ಟಿಕ್. ಪೇಂಟಿಗಿಂತ ಗಟ್ಟಿ, ಗೋಡೆಯ ಪುಟ್ಟಿಗಿಂತ ಸಡಿಲವಾದ ಬೂದು ಬಣ್ಣದ ಲೇಪ. ಒಂದು ಗ್ಯಾಲನ್ ಡಬ್ಬಿ ನನಗೆ 30 ಡಾಲರಿನೊಳಗೆ ಸಿಕ್ಕಿತು, ಜೊತೆಗೆ ಅಗ್ಗದ ಬ್ರಶ್ಶು ಮತ್ತು ಅಗಲ ಸಂದಿಗಳಿಗೆ ಒಂದು ಸುರುಳಿ ಫೈಬರ್‌ಗ್ಲಾಸ್ ಜಾಲರಿ. ಹಸಿಯಿದ್ದಾಗ ನೀರಿನಲ್ಲಿ ತೊಳೆದರೆ ಹೋಗುತ್ತದೆ, ಒಣಗಿದ ಮೇಲೆ ಯಾವುದಕ್ಕೂ ಬಗ್ಗುವುದಿಲ್ಲ. ಇಲ್ಲಿನ ನಿಕ್ಕಲ್ ನಾಣ್ಯದಷ್ಟು ದಪ್ಪ ಬಳಿಯಬೇಕು. ಟೇಪು ಸುಕ್ಕಾಗುವ ಸೊಟ್ಟ ಮೂಲೆಗಳಲ್ಲೂ ಇದು ಆರಾಮಾಗಿ ಕೂರುತ್ತದೆ.

ತಲೆನೋವು ಒಂದೇ: ಒಣಗಿಸುವುದು. ಒಂದೇ ಎಂದೆ, ಆದರೆ ಅದೊಂದೇ ಸಾಕಷ್ಟಿದೆ. ಇದು ನೀರಿನಲ್ಲಿ ಕಲಸಿದ ಲೇಪ, ನೀರು ಹಾರಿದರೆ ಮಾತ್ರ ಗಟ್ಟಿಯಾಗುತ್ತದೆ. ಆಟಿಕ್ ಅಷ್ಟು ಬಿಸಿ ಇರುವಾಗ ಬೇಗ ಒಣಗಬೇಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಹೊರಮೈ ಒಣಗುತ್ತದೆ ನಿಜ. ಎಸಿ ಓಡುತ್ತಿದ್ದರೆ ಕೆಳಗಿನ ತಗಡು ಬೆವರುತ್ತಲೇ ಇರುತ್ತದೆ, ಲೇಪದ ಒಳಪದರ ಹಸಿಯಾಗಿಯೇ ಉಳಿದು ಮೆಲ್ಲಗೆ ಜಾರುತ್ತದೆ. ಸಾಲದ್ದಕ್ಕೆ ಒಳಗಿನ ಗಾಳಿಯ ಒತ್ತಡ ಹಸಿ ಲೇಪದಲ್ಲಿ ಸೂಜಿಮೊನೆಯಷ್ಟು ತೂತುಗಳನ್ನು ಕೊರೆಯುತ್ತದೆ. ಆದ್ದರಿಂದ ಎಸಿ ಆರಿಸಬೇಕು. ಸ್ವಲ್ಪ ಹೊತ್ತಲ್ಲ, ತಗಡು ಅಟ್ಟದ ಬಿಸಿಗೆ ಬರುವವರೆಗೆ ಮೊದಲು, ಆಮೇಲೆ ಬಳಿದು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು. ನನ್ನ ಡಬ್ಬಿಯಲ್ಲಿ ಒಂದೆರಡು ದಿನ ಎಂದಿತ್ತು.

ಫ್ಲೋರಿಡಾದ ಆಗಸ್ಟಿನಲ್ಲಿ ಎಸಿ ಇಲ್ಲದೆ ಒಂದೆರಡು ದಿನ! ಹೆಂಡತಿಯ ಪ್ರತಿಕ್ರಿಯೆ ಚಿಕ್ಕದಾಗಿತ್ತು: "ರೀ, ನೀವು ಡಕ್ಟ್ ಜೊತೆಗೇ ಇರಿ, ನಾವು ಹೊಟೇಲಿಗೆ ಹೋಗ್ತೇವೆ." ತಮಾಷೆಯಲ್ಲ. ಎಸಿ ಆರಿದ ಮನೆ ಸಂಜೆಯೊಳಗೆ 31, 32 ಡಿಗ್ರಿ ಮುಟ್ಟುತ್ತದೆ, ಬೂಷ್ಟಿನ ಕಾಟ ಕಳೆಯಲು ಹೊರಟವರು ಬೂಷ್ಟಿಗೇ ಹಬ್ಬದೂಟ ಬಡಿಸಿದ ಹಾಗಾಗುತ್ತದೆ. ಹೊಟೇಲಿನ ಬಾಡಿಗೆ ಸೇರಿಸಿದರೆ ಮ್ಯಾಸ್ಟಿಕ್ಕಿನ ಅಗ್ಗವೂ ಅಲ್ಲಿಗೇ ಮುಗಿಯುತ್ತದೆ.

ದಾರಿ ಸಿಕ್ಕಿದ್ದು ಕೆಲಸವನ್ನು ಎರಡು ಋತುಗಳಿಗೆ ಹಂಚಿದಾಗ. ಮನೆಯ ಗಾಳಿಯನ್ನು ಎಸಿಗೆ ಮರಳಿಸುವ ರಿಟರ್ನ್ ಡಕ್ಟು, ಗಾಳಿ ತಂಪಾಗುವ ಕೂಲಿಂಗ್ ಕಾಯಿಲಿಗಿಂತ ಮುಂಚೆ ಬರುವಂಥದ್ದು, ಅದರೊಳಗೆ ಹರಿಯುವುದು ಮನೆಯ ಗಾಳಿ, 24 ಡಿಗ್ರಿಯದು. ಅದರ ಮೈ ಅಷ್ಟಾಗಿ ಬೆವರುವುದಿಲ್ಲ. ನಮ್ಮಲ್ಲಿ ಅದು ಗರಾಜಿನಲ್ಲೇ ಇರುವುದರಿಂದ ಆಟಿಕ್ ಹತ್ತುವ ಕಷ್ಟವೂ ಇಲ್ಲ. ಅದನ್ನು ಬೇಸಿಗೆಯಲ್ಲೇ ಬಳಿದೆ. ಸಂಜೆ ಬಳಿದು, ಆ ರಾತ್ರಿ ಫ್ಯಾನಿನಲ್ಲಿ ಕಳೆದು, ಆ ಮೇಲೆ ಎಸಿ ಹಾಕಿದೆ. ರಿಟರ್ನ್ ಭಾಗ ಗಾಳಿಯನ್ನು ಒಳಗೆಳೆಯುವುದರಿಂದ, ಲೇಪ ಪೂರ್ತಿ ಗಟ್ಟಿಯಾಗದಿದ್ದರೂ ಹೊರಕ್ಕೆ ಉಬ್ಬುವ ಭಯವಿಲ್ಲ. ಗರಾಜಿನ ರಿಟರ್ನ್ ಸೀಲು ಇನ್ನೊಂದು ಕಾರಣಕ್ಕೂ ಮುಂದೂಡಬಾರದ್ದು: ಅಲ್ಲಿ ಸಂದಿಯಿದ್ದರೆ ಕಾರಿನ ಹೊಗೆ, ಪೇಂಟಿನ ವಾಸನೆ ನೇರ ಮಲಗುವ ಕೋಣೆಗೆ.

ಸಪ್ಲೈ ಭಾಗವನ್ನು ಜನವರಿಗೆ ಇಟ್ಟುಕೊಂಡೆ. ಆಗ ಇಲ್ಲಿ ಒಣಹವೆ, ಎಸಿ ಆರಿಸಿದ್ದೇವೆ ಎನ್ನುವುದೇ ಎಷ್ಟೋ ಸಲ ನೆನಪಿರುವುದಿಲ್ಲ, ಆಟಿಕ್‌ನಲ್ಲಿ ಕುಳಿತು ರೇಡಿಯೋ ಕೇಳುತ್ತ ಕೆಲಸ ಮಾಡಬಹುದು. ನಡುವಿನ ತಿಂಗಳುಗಳಿಗೆ, ಕಳಚಿಬಿದ್ದಿದ್ದ ಒಂದು ಫ್ಲೆಕ್ಸ್ ಡಕ್ಟನ್ನು (ಬಾಗುವ ಮೆದು ಕೊಳವೆ) ನೈಲಾನ್ ಪಟ್ಟಿಯಲ್ಲಿ ಬಿಗಿದು ಬ್ಯುಟೈಲ್ ಟೇಪು ಸುತ್ತಿ ಕಾಲ ತಳ್ಳಿದೆ.

ಫ್ಲೆಕ್ಸ್ ಡಕ್ಟಿನ ಬಗ್ಗೆ ಒಂದು ಮಾತು, ಯಾಕೆಂದರೆ ಬಹಳ ಜನ ಒಳಗಿನ ಕೊಳವೆ ಸೀಲ್ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ತಗಡಿನ ಕಾಲರಿಗೆ ಮ್ಯಾಸ್ಟಿಕ್ ಬಳಿದು, ಒಳಕೊಳವೆಯನ್ನು ಒಂದಿಂಚಾದರೂ ಮೇಲೇರಿಸಿ, ಪಟ್ಟಿ ಬಿಗಿಯಬೇಕು, ಅದು ಸರಿ. ಕರಾವಳಿಯಲ್ಲಿ ಹೊರಗಿನ ಬೆಳ್ಳಿಬಣ್ಣದ ಜಾಕೆಟ್ಟಿಗೂ ಅಷ್ಟೇ ಮರ್ಯಾದೆ ಕೊಡಬೇಕು. ಅದರ ತುದಿ ತೆರೆದಿದ್ದರೆ ಹಸಿಗಾಳಿ ಉಣ್ಣೆಯಂಥ ಇನ್ಸುಲೇಷನ್ನಿನೊಳಗೆ ನುಸುಳಿ, ತಣ್ಣನೆಯ ಕೊಳವೆಗೆ ತಾಗಿ ನೀರಾಗುತ್ತದೆ. ಒದ್ದೆಯಾದ ಇನ್ಸುಲೇಷನ್ ಇದ್ದೂ ಇಲ್ಲದ ಹಾಗೆ. ನೇತುಹಾಕುವ ಪಟ್ಟಿಯೂ ಒಂದೂವರೆ ಇಂಚಾದರೂ ಅಗಲ ಇರಲಿ. ಸಣ್ಣ ದಾರದಲ್ಲಿ ಕಟ್ಟಿದರೆ ಅಲ್ಲಿ ಇನ್ಸುಲೇಷನ್ ಅಮುಕಿಹೋಗಿ ಉಂಗುರದ ಹಾಗೆ ಬೆವರು ಮೂಡುತ್ತದೆ.

ಏರೋಸಾಲ್ ಸೀಲಿಂಗ್, ಅಂದರೆ ಏರೋಸೀಲ್ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನ. ಇದೂ ಬರ್ಕ್ಲಿ ಪ್ರಯೋಗಾಲಯದ ಕೂಸೇ, 1990ರ ದಶಕದಲ್ಲಿ ಮಾರ್ಕ್ ಮೊಡೆರಾ ರೂಪಿಸಿದ್ದು. ಗ್ರಿಲ್‌ಗಳಿರುವ ಬಾಯಿಗಳನ್ನೆಲ್ಲ ಫೋಮ್ ತುರುಕಿ ಮುಚ್ಚಿ, ಕಾಯಿಲು ಫ್ಯಾನುಗಳನ್ನು ಪ್ರತ್ಯೇಕಿಸಿ, ಯಂತ್ರದಿಂದ ಅಂಟಿನ ಸೂಕ್ಷ್ಮ ಹನಿಗಳನ್ನು ಡಕ್ಟಿನೊಳಗೆ ಊದುತ್ತಾರೆ. ಗಾಳಿ ಎಲ್ಲಿ ಸೋರುತ್ತದೋ ಹನಿಗಳು ಅಲ್ಲಿಗೇ ಓಡಿ ತೂತಿನ ಅಂಚಿಗೆ ಕೂತು ಮುಚ್ಚುತ್ತವೆ. ಸೋರಿಕೆಯ ಗೆರೆ ಕಂಪ್ಯೂಟರ್ ಪರದೆಯಲ್ಲಿ ಇಳಿಯುತ್ತ ಹೋಗುವುದನ್ನು ನೋಡುವುದೇ ಒಂದು ಸಂಭ್ರಮ. ಭಾವ ಕಾಫಿ ಹಿಡಿದು ಕುರ್ಚಿ ಹಾಕಿಕೊಂಡು ಕೂತಿದ್ದರು. "ಅಟ್ಟ ಹತ್ತುವ ಪ್ರಾಯವಲ್ಲ ಮಾರಾಯ ನನ್ನದು" ಎಂದರು. 2,000 ಡಾಲರ್ ದಾಟಿತ್ತು, ಅವರಿಗದು ಚಿಂತೆಯ ಮಾತಲ್ಲ.

ಅವರ ಮನೆ ಎರಡಂತಸ್ತಿನದು, ಎಷ್ಟೋ ಡಕ್ಟುಗಳು ಗೋಡೆಯೊಳಗೆ ಹುದುಗಿವೆ. ಅಲ್ಲಿಗೆ ನನ್ನ ಬ್ರಶ್ಶು ಹೋಗಲು ಸಾಧ್ಯವೇ ಇಲ್ಲ. ಅಂಥ ಮನೆಗೆ ಇದೇ ಉತ್ತರ, ಚರ್ಚೆಯಿಲ್ಲ. ಇದರ ಮಿತಿಗಳನ್ನೂ ನೋಡಿ: ಸುಮಾರು 16 ಮಿಲಿಮೀಟರ್‌ವರೆಗಿನ ತೂತುಗಳು ಮಾತ್ರ ಇದರ ಪಾಲಿಗೆ. ಕಳಚಿದ ಕೊಳವೆಯನ್ನು ಇದು ಜೋಡಿಸುವುದಿಲ್ಲ, ಒದ್ದೆ ಇನ್ಸುಲೇಷನ್ನನ್ನು ಒಣಗಿಸುವುದಿಲ್ಲ, ತೆರೆದ ಜಾಕೆಟ್ಟನ್ನು ಮುಚ್ಚುವುದಿಲ್ಲ. ಡಕ್ಟು ಚಾವಣಿಗೆ ಬಂದು ಸೇರುವ ತಗಡಿನ ಪೆಟ್ಟಿಗೆಗೆ ಬೂಟ್ ಎನ್ನುತ್ತಾರೆ; ಫೋಮನ್ನು ಅದರ ಒಳಗೇ ತುರುಕಿದ್ದರಿಂದ ಭಾವನ ಮನೆಯಲ್ಲಿ ಬೂಟಿನ ಅಂಚಿಗೂ ಚಾವಣಿಯ ಡ್ರೈವಾಲಿಗೂ (ಜಿಪ್ಸಮ್ ಹಲಗೆ) ನಡುವಿನ ಸಂದಿ ಹಾಗೇ ಉಳಿಯಿತು. ಬಿಲ್ಲು ಇಳಿದಿದೆಯಂತೆ, ಗ್ರಿಲ್ಲಿನ ಸುತ್ತಲ ಕಪ್ಪು ಚುಕ್ಕೆ ಮಾತ್ರ ಮತ್ತೆ ಬಂದಿದೆ.

ಅದೇ ಸಂದಿಯೇ ನಮ್ಮ ಕರಾವಳಿ ಮನೆಗಳ ನಿಜವಾದ ಕಳ್ಳದಾರಿ. ಬೂಟಿನ ಸುತ್ತಲ ಸಂದಿಯಿಂದ ಆಟಿಕ್‌ನ ಹಸಿಗಾಳಿ ಇಳಿದು ತಣ್ಣನೆಯ ಗ್ರಿಲ್ಲಿಗೆ ತಾಗುತ್ತದೆ, ಹನಿಯುತ್ತದೆ, ಬೂಷ್ಟು ಹಿಡಿಯುತ್ತದೆ, ಉಪ್ಪುಗಾಳಿಯ ಊರಾದ್ದರಿಂದ ತಗಡಿನ ಅಂಚು ತುಕ್ಕೂ ಹಿಡಿಯುತ್ತದೆ. ರಿಪೇರಿಗೆ ಆಟಿಕ್ ಹತ್ತಬೇಕಿಲ್ಲ. ಕೋಣೆಯಲ್ಲೇ ಸಣ್ಣ ಏಣಿ ಇಟ್ಟು, ಗ್ರಿಲ್ ಬಿಚ್ಚಿ, ಸಡಿಲ ತುಕ್ಕು ಕೆರೆದು, ಬೂಟು ಡ್ರೈವಾಲ್ ಎರಡನ್ನೂ ಹಿಡಿಯುವ ಹಾಗೆ ಮ್ಯಾಸ್ಟಿಕ್ ಬಳಿದರೆ ಸಾಕು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದು. ಚುಕ್ಕೆ ಒರೆಸಿ ಪೇಂಟ್ ಹೊಡೆದ ಮೇಲೆ ಒಂದು ಮಳೆಗಾಲ ಕಳೆದಿದೆ, ಚಾವಣಿ ಬೆಳ್ಳಗಿದೆ.

ಡಕ್ಟುಗಳನ್ನೇ ಬದಲಾಯಿಸುವುದು: ಜಾಕೆಟ್ಟು ಮುಟ್ಟಿದರೆ ಪುಡಿಯಾಗುವಂತಿದ್ದರೆ, ಒಳಗೆ ಇಲಿ ಮನೆ ಮಾಡಿದ್ದರೆ, ಮೇಲಿನ ಯಾವುದೂ ಬೇಡ, ಹೊಸದು ಹಾಕಿಸಿ. ಆಟಿಕ್‌ಗೆ ಆರ್-8 (ಶಾಖ ತಡೆಯುವ ಶಕ್ತಿಯ ಅಳತೆ) ಇನ್ಸುಲೇಷನ್ನಿನದೇ ಕೇಳಿ.

ನನ್ನ ಆಯ್ಕೆಗೆ ನನ್ನ ಸ್ವಭಾವವೂ ಕಾರಣ. ಒಂದಂತಸ್ತಿನ ಮನೆ, ಆಟಿಕ್‌ನ ತೊಲೆ ಬಿಟ್ಟು ಡ್ರೈವಾಲಿನ ಮೇಲೆ ಕಾಲಿಡದಷ್ಟು ಎಚ್ಚರ, ಜನವರಿವರೆಗೆ ಕಾಯುವ ಜಾಯಮಾನ, ಎರಡು ಸಾವಿರ ಡಾಲರಿದ್ದರೆ ಊರಿನ ಟಿಕೆಟ್ಟಿಗೆ ಇರಲಿ ಎನ್ನುವ ಲೆಕ್ಕಾಚಾರ. ಮಂಡಿನೋವು ಇರುವವರು, ಅಸ್ತಮಾ ಇರುವವರು ಅಟ್ಟದ ಧೂಳಿಗೆ ಹೋಗುವುದೇ ಬೇಡ. ಹಣ ಕೊಟ್ಟು ಮಾಡಿಸುವವರು ಯಾವ ವಿಧಾನವಾದರೂ ಸರಿ, ಕೆಲಸಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ 25 ಪಾಸ್ಕಲ್ ಒತ್ತಡದಲ್ಲಿ ಸೋರಿಕೆ ಅಳೆದು ಚೀಟಿ ಕೊಡಲು ಹೇಳಿ. ನನಗೆ ಟೇಪು ಸುತ್ತಿದವರು ಕೊಟ್ಟದ್ದು ಫೋಟೋ ಮಾತ್ರ. ಇಲ್ಲಿನ ಕೆಲವು ವಿದ್ಯುತ್ ಕಂಪನಿಗಳು ಡಕ್ಟ್ ರಿಪೇರಿಗೆ ರಿಬೇಟು ಕೊಡುವುದುಂಟು, ಗುತ್ತಿಗೆದಾರರನ್ನು ಕರೆಯುವ ಮೊದಲೇ ವಿಚಾರಿಸಿ, ಆಮೇಲೆ ಕೇಳಿದರೆ ಸಿಗದೆ ಹೋಗಬಹುದು.

ಭಾವನ ಮನೆಯ ಬೂಟಿನ ಅಂಚುಗಳು ಬರುವ ಜನವರಿಗೆ ನನ್ನ ಪಾಲಿಗೆ ಬಿದ್ದಿವೆ. ಡಬ್ಬಿ, ಬ್ರಶ್ಶು ನನ್ನದು. ಏಣಿ ಹಿಡಿಯುವುದು ಮತ್ತು ಕಾಫಿ ಅವರದು.