ಬ್ರೇಕ್ ಆಯಿಲ್ ಬದಲಾವಣೆ: ಸರ್ವಿಸ್ ಸೆಂಟರ್, ಏರಿಯಾ ಗ್ಯಾರೇಜ್, ಮನೆ – ಮೂರರಲ್ಲಿ ಯಾವುದು?

ಇಂಜಿನ್ ಆಯಿಲ್ ಯಾವಾಗ ಹಾಕಿಸಿದ್ದು ಅಂತ ಕೇಳಿದರೆ ಎಲ್ಲರೂ ಥಟ್ ಅಂತ ಹೇಳುತ್ತಾರೆ. ಬ್ರೇಕ್ ಆಯಿಲ್ ಅಂದರೆ ಸುಮ್ಮನಾಗುತ್ತಾರೆ. ನಮ್ಮ ಮನೆ ಕಾರಿಗೆ ಈ ಕೆಲಸವನ್ನು ನಾನು ಮೂರು ರೀತಿಯಲ್ಲೂ ಮಾಡಿಸಿ, ಮಾಡಿ ನೋಡಿದ್ದೇನೆ. ನನ್ನ ಓಟು ಏರಿಯಾದ ಗ್ಯಾರೇಜಿಗೆ. ಆದರೆ ಕೆಲಸ ಆಗುವಾಗ ನೀವು ಅಲ್ಲೇ ನಿಂತಿರಬೇಕು.

ಮೊದಲು ಚೆಕ್ ಮಾಡುವ ವಿಷಯ. ಬಾನೆಟ್ ಎತ್ತಿದರೆ ಬ್ರೇಕ್ ಆಯಿಲ್‌ನ ಪುಟ್ಟ ಟ್ಯಾಂಕಿನ ಮೇಲೆ ಮಿನ್, ಮ್ಯಾಕ್ಸ್ ಗೆರೆ ಕಾಣುತ್ತದೆ. ಮಟ್ಟ ನಿಧಾನವಾಗಿ ಇಳಿದಿದ್ದರೆ ಸಾಮಾನ್ಯವಾಗಿ ಬ್ರೇಕ್ ಪ್ಯಾಡ್ ಸವೆದಿದೆ ಅಂತ ಅರ್ಥ, ದಿಢೀರ್ ಅಂತ ಇಳಿದಿದ್ದರೆ ಲೀಕ್, ಆಗ ಗಾಡಿ ಓಡಿಸಲೇಬೇಡಿ. ಬಣ್ಣ ನಂಬಬೇಡಿ. ಆಯಿಲ್ ಒಳಗೆ ಸೇರಿದ ನೀರು ಕಣ್ಣಿಗೆ ಕಾಣುವುದಿಲ್ಲ. ಪೆನ್ನಿನ ಥರ ಇರುವ ಟೆಸ್ಟರ್ ಕೂಡ ತಂದು ನೋಡಿದೆ. ಅದ್ದಿದರೆ ಹಸಿರು, ಹಳದಿ, ಕೆಂಪು ದೀಪ ಹತ್ತುತ್ತದೆ. ಅದು ಅಳೆಯುವುದು ಟ್ಯಾಂಕಿನಲ್ಲಿರುವ ಆಯಿಲ್ ಮಾತ್ರ, ಬಿಸಿ ತಿನ್ನುವುದು ಚಕ್ರದ ಹತ್ತಿರ ಇರುವ ಆಯಿಲ್. ಹಾಗಾಗಿ ಕ್ಯಾಲೆಂಡರೇ ಮೇಲು. ಹೆಚ್ಚಿನ ಕಾರುಗಳಿಗೆ 2 ವರ್ಷ, ಖಚಿತ ಲೆಕ್ಕ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಪೆಡಲ್ ಒತ್ತಿದ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಈ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಹೊಸ ಡಾಟ್ 4 (ಡಾಟ್ ಅಂದರೆ ಬ್ರೇಕ್ ಆಯಿಲ್‌ನ ದರ್ಜೆ) ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, 3.7% ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಂದಿ ಬೆಟ್ಟ ಇಳಿಯುವಾಗ ಕಾಲು ಬ್ರೇಕ್ ಮೇಲೇ ಇರುತ್ತದೆ ಅಲ್ವಾ, ಆಗ ಆಯಿಲ್ ಕುದಿದು ಆವಿಯಾದರೆ ಪೆಡಲ್ ಸೀದಾ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಈಗ ಸರ್ವಿಸ್ ಸೆಂಟರ್. ಬಿಲ್ ಸಿಗುತ್ತದೆ, ವಾರಂಟಿಗೆ ತೊಂದರೆಯಿಲ್ಲ, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಒಳಗೆ ಗಾಳಿ ಸೇರಿಕೊಂಡರೆ ತೆಗೆಯಲು ಸ್ಕ್ಯಾನರ್ ಇರುತ್ತದೆ. 2019ರ ಏಪ್ರಿಲ್ ನಂತರ ಬಂದ ಕಾರುಗಳಲ್ಲೆಲ್ಲ ಎಬಿಎಸ್ ಇರುವುದರಿಂದ ಇದು ಸಣ್ಣ ವಿಷಯ ಅಲ್ಲ. ಆದರೆ ಕೆಲಸ ಒಳಗೆ ನಡೆಯುತ್ತದೆ, ನಾವು ಹೊರಗೆ ಕಾಫಿ ಕುಡಿಯುತ್ತಾ ಕೂತಿರುತ್ತೇವೆ. ಒಮ್ಮೆ ಒಂದು ಕಡೆ ಬಿಲ್ಲಿನಲ್ಲಿ ಬ್ರೇಕ್ ಆಯಿಲ್ ಬದಲಾವಣೆ ಅಂತ ಇತ್ತು, ಮನೆಗೆ ಬಂದು ನೋಡಿದರೆ ನಾಲ್ಕೂ ಚಕ್ರದ ಬ್ಲೀಡರ್ ನಿಪ್ಪಲ್ (ಹಳೇ ಆಯಿಲ್, ಗಾಳಿ ಹೊರಬಿಡುವ ಸಣ್ಣ ಸ್ಕ್ರೂ) ಮೇಲೆ ಧೂಳು ಕದಲಿರಲಿಲ್ಲ. ಟ್ಯಾಂಕಿನ ಆಯಿಲ್ ಮಾತ್ರ ಸಿರಿಂಜಿನಲ್ಲಿ ಎಳೆದು ಹೊಸದು ಸುರಿದಿದ್ದರು. ಇದಕ್ಕೆ ದುಡ್ಡು ಕೊಡಬೇಡಿ, ಹಳೇದೆಲ್ಲ ಪೈಪಿನಲ್ಲೇ ಉಳಿದಿರುತ್ತದೆ.

ಮನೆಯಲ್ಲಿ ಮಾಡುವುದು ಅಗ್ಗ. ಸರಿಯಾದ ರಿಂಗ್ ಸ್ಪ್ಯಾನರ್, ಪಾರದರ್ಶಕ ಪೈಪು, ಒಂದು ಬಾಟಲಿ, ಜಾಕ್ ಸ್ಟ್ಯಾಂಡ್ ಸಾಕು. ಜಾಕ್ ಒಂದರ ಮೇಲೇ ಕಾರು ನಿಲ್ಲಿಸಿ ಕೈ ಹಾಕುವುದು ಮಾತ್ರ ಬೇಡವೇ ಬೇಡ. ಪೆಡಲ್ ಒತ್ತಲು ಇನ್ನೊಬ್ಬರು ಬೇಕು, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಜಾಗ, ಬೆಳಕು ಎರಡೂ ಕಷ್ಟ. ಇಂಥ ಕೆಲಸ ಮಾಡಿ ಅಭ್ಯಾಸ ಇಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ.

ಗ್ಯಾರೇಜಿನಲ್ಲಿ ನನಗೆ ಹಿಡಿಸಿದ್ದು ಎಲ್ಲವೂ ಕಣ್ಣೆದುರೇ ಆಗುವುದು. ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಯಿಂದ ಸೀಲ್ ಒಡೆಯದ ಒಂದು ಲೀಟರ್ ನಾನೇ ತೆಗೆದುಕೊಂಡು ಹೋಗುತ್ತೇನೆ. ಕಾರಿನ ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಡಾಟ್ 3 ಅಂತ ಇದ್ದರೆ ಡಾಟ್ 4 ಹಾಕಬಹುದು, ಡಾಟ್ 5 ಮಾತ್ರ ಸಿಲಿಕೋನ್, ಅದರ ತಂಟೆಗೇ ಹೋಗಬೇಡಿ. ಹುಡುಗ ಸೀಟಿನಲ್ಲಿ ಕೂತು ಪೆಡಲ್ ಹೊಡೆಯುತ್ತಾನೆ, ಕೆಳಗಿಂದ ಮೆಕ್ಯಾನಿಕ್ "ಹೊಡಿ, ಹೊಡಿ, ಹಿಡ್ಕೋ" ಅನ್ನುತ್ತಾರೆ, ನಿಪ್ಪಲ್ ಸ್ವಲ್ಪ ಸಡಿಲ ಮಾಡುತ್ತಾರೆ. ಪೈಪಿನಲ್ಲಿ ಮೊದಲು ಡಿಕಾಕ್ಷನ್ ಬಣ್ಣದ್ದು ಬರುತ್ತದೆ, ನಡುವೆ ಗುಳ್ಳೆಗಳು, ಆಮೇಲೆ ತಿಳಿ ಹಳದಿ. ನಿಪ್ಪಲ್ ಬಿಗಿ ಮಾಡಿದ ಮೇಲೇ ಪೆಡಲ್ ಬಿಡಬೇಕು, ಇಲ್ಲದಿದ್ದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ಹಿಂದಿನ ಎಡ ಚಕ್ರದಿಂದ ಶುರು ಮಾಡುತ್ತಾರೆ, ಕೆಲವು ಗಾಡಿಗಳಲ್ಲಿ ಬೇರೆ ಕ್ರಮ ಇರುತ್ತದೆ, ಮೊದಲೇ ನೋಡಿಕೊಂಡು ಹೋಗಿ.

ಅಲ್ಲಿ ನಿಂತು ನೀವು ನೋಡಬೇಕಾದ್ದು ಮುಖ್ಯವಾಗಿ ಟ್ಯಾಂಕ್. ಅದು ಖಾಲಿಯಾಗಲು ಬಿಡಲೇಬಾರದು. ಗಾಡಿ ಹಳೇದಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಲು ಹೇಳಿ, ತಳ ಮುಟ್ಟುವವರೆಗೂ ಒತ್ತಿದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಸೀಲ್ ಹಾಳಾಗುವ ಸಾಧ್ಯತೆ ಇದೆ. ಹಳೇ ತೆರೆದ ಡಬ್ಬಿಯಿಂದ ಸುರಿಯಲು ಬಂದರೆ ಬೇಡ ಅನ್ನಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ಜಾಸ್ತಿ ನೀರು ಹಾಕಿ ತೊಳೆಯಬೇಕು, ಬಿಟ್ಟರೆ ಪೇಂಟ್ ಎದ್ದು ಬರುತ್ತದೆ.

ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರಿಗೇ ಹೋಗಿ, ಆದರೆ ನಾಲ್ಕೂ ಚಕ್ರದಿಂದ ಆಯಿಲ್ ತೆಗೆಯಬೇಕು ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ. ಎಲ್ಲೇ ಮಾಡಿಸಿದರೂ ಗಾಡಿ ಕದಲಿಸುವ ಮೊದಲು ಇಂಜಿನ್ ಆನ್ ಮಾಡಿ ಪೆಡಲ್ ಒತ್ತಿ ಹಿಡಿದು ನೋಡಿ. ಮೆತ್ತಗಿದ್ದರೆ ಅಲ್ಲೇ ಮತ್ತೆ ಬ್ಲೀಡ್ ಮಾಡಿಸಿ, ಅಂದರೆ ಗಾಳಿ ತೆಗೆಸಿ. ನಿಧಾನಕ್ಕೆ ಕೆಳಗೆ ಇಳಿಯುತ್ತಾ ಹೋದರೆ ಲೀಕ್ ಅಥವಾ ಮಾಸ್ಟರ್ ಸಿಲಿಂಡರ್ ತೊಂದರೆ ಇರಬಹುದು, ಸರಿ ಮಾಡಿಸದೆ ಗಾಡಿ ಕದಲಿಸಬೇಡಿ.